ಬಾಬಿ ಹಾಡಲೇ ಇಲ್ಲ!

ನಮ್ಮೂರಿಗೆ ಬೋನಿ ಎಂ ಬಂದದ್ದು ಬಹರೈನಿನಿಂದ :)

ಪಕ್ಕದ ಮನೆ ಬಾಯಮ್ಮನ ದೊಡ್ಡ ಮಗ ಅಲ್ಲಿ ಕೆಲಸಕ್ಕಿದ್ದ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವಾಗ ಸೆಂಟು, ಛತ್ರಿ, ಟಾರ್ಚು ಎಲ್ಲ ತರುತ್ತಿದ್ದವನು 1983ರಲ್ಲಿ ಒಂದು ದೊಡ್ಡ ಟೂ-ಇನ್-ಒನ್ನು, ಜತೆಗೆ ನಾಲ್ಕೈದು ಕ್ಯಾಸೆಟ್ಟು ತಂದ. ಒಂದು ಕ್ಯಾಸೆಟ್ಟಿನ ಮೇಲೆ ಮೂವರು ಹೆಂಗಸರು, ಒಬ್ಬ ಗಂಡಸು. ಆ ಗಂಡಸಿನ ಕೂದಲು ನಮ್ಮ ಹಿತ್ತಿಲಿನ ಹಲಸಿನ ಹಣ್ಣಿನಷ್ಟು ದೊಡ್ಡದು. ಎದೆ ಕಾಣುವ ಅಂಗಿ, ಹೊಳೆಯುವ ಪ್ಯಾಂಟು. ನಾನು ಆಗ ಐದನೇ ಕ್ಲಾಸು. ಅಂಥ ಮನುಷ್ಯನನ್ನು ಯಕ್ಷಗಾನದ ಬಣ್ಣದ ವೇಷ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

ಸಂಜೆ ಹೊತ್ತು ಅವರ ಮನೆ ಜಗಲಿಯಲ್ಲಿ ಕ್ಯಾಸೆಟ್ಟು ಹಾಕಿದರೆ ಸುತ್ತಲಿನ ಮಕ್ಕಳೆಲ್ಲ ಹಾಜರು. ಇಂಗ್ಲಿಷು ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ರಾಸ್‌ಪುಟಿನ್ ಅಂದರೆ ನಮ್ಮ ಪುಂಡಿ, ಪುಟ್ಟು ತರದ್ದೇ ಏನೋ ತಿಂಡಿ ಇರಬೇಕು ಅಂದುಕೊಂಡಿದ್ದೆ. ನಾಲ್ಕು ಜನ ಸೇರಿ ‘ಬೋನಿ ಎಂ ಆಟ’ ಆಡುತ್ತಿದ್ದೆವು. ನಾನು ಕಡ್ಡಿಯ ಹಾಗಿದ್ದೆ, ಹಾಗಾಗಿ ಬಾಬಿ ಪಾರ್ಟು ಯಾವಾಗಲೂ ನನಗೇ. ಆ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲೂ ಕುಣಿದೆವು. ತಲೆಗೆ ಕಪ್ಪು ಉಣ್ಣೆಯ ವಿಗ್ಗು, ಯಾರದ್ದೋ ಬೆಲ್‌ಬಾಟಮ್ಮು. ಅರ್ಧ ಹಾಡಿಗೆ ಬಂದಾಗ ರೀಲು ಸಿಕ್ಕಿಹಾಕಿಕೊಂಡು ಹಾಡು ಗೊರಗೊರ ಅಂದು ನಿಂತೇ ಹೋಯಿತು. ನನಗೆ ಗೊತ್ತೇ ಆಗಲಿಲ್ಲ, ಸದ್ದಿಲ್ಲದೇ ಬಾಯಿ ಅಲ್ಲಾಡಿಸುತ್ತಾ ಕುಣಿಯುತ್ತಲೇ ಇದ್ದೆ! ಇಡೀ ಮೈದಾನ ನಗುತ್ತಿತ್ತು. ಮೇಷ್ಟ್ರು ಪೆನ್ಸಿಲ್ಲು ತೂರಿಸಿ ರೀಲು ಸುತ್ತುವವರೆಗೂ ನಾನು ವಿಗ್ಗು ಕೈಯಲ್ಲಿ ಹಿಡಿದು ನಿಂತಿದ್ದೆ. ಆ ಅವಮಾನ ಹೈಸ್ಕೂಲು ಮುಗಿಯುವವರೆಗೂ ನನ್ನ ಬೆನ್ನು ಬಿಡಲಿಲ್ಲ.

ಬಾಬಿಯೂ ಬಾಯಿ ಅಲ್ಲಾಡಿಸುತ್ತಿದ್ದ ಅಷ್ಟೇ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಫ್ರಾಂಕ್ ಫರಿಯಾನ್ ಅನ್ನುವ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ... 2024ರ ಜನವರಿ 23ರಂದು ಆತ ಮಯಾಮಿಯಲ್ಲಿ ತೀರಿಕೊಂಡ, ಎಂಬತ್ತೆರಡು ವರ್ಷ. ಸುದ್ದಿ ಓದಿದಾಗಿನಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ, ಸೋಮಾರಿತನ ಬಿಡಲಿಲ್ಲ. ನಾವು ಚಿಕ್ಕಂದಿನಲ್ಲಿ ಬಾಬಿಯದ್ದು ಅಂದುಕೊಂಡಿದ್ದ, ಬಾವಿಯೊಳಗಿಂದ ಬಂದಂಥ ಆ ದಪ್ಪ ದನಿ ಇದೆಯಲ್ಲ, ಅದು ಈ ಫರಿಯಾನನದ್ದು.

ಆತನ ನಿಜ ಹೆಸರು ಫ್ರಾನ್ಜ್ ರಾಯ್ಟರ್. ಹುಟ್ಟಿದ್ದು 1941ರಲ್ಲಿ, ಜರ್ಮನಿಯ ಕಿರ್ನ್ ಅನ್ನುವ ಸಣ್ಣ ಊರಲ್ಲಿ. ಕಲಿತದ್ದು ಅಡುಗೆ ಕೆಲಸ, ಹುಚ್ಚು ಹಾಡಿನದ್ದು. ಅದರಲ್ಲೂ ಅಮೆರಿಕದ ಕರಿಯರ ಸಂಗೀತ ಅಂದರೆ ಪ್ರಾಣ. ಆದರೆ ಬಿಳಿ ಜರ್ಮನ್ ಹುಡುಗನೊಬ್ಬ ಆ ಹಾಡು ಹಾಡುತ್ತೇನೆ ಅಂದರೆ ಕೇಳುವವರು ಯಾರು? ಜರ್ಮನರು ಶ್ಲಾಗರ್ ಅಂತ ಕರೆಯುವ ಮೆದು ಮೆದುವಾದ ಹಾಡುಗಳಿವೆ, ಒಂಥರಾ ಕಣ್ಣೀರು-ಕರ್ಚೀಫಿನ ಹಾಡುಗಳು. ಅವನ್ನು ಹಾಡಿಕೊಂಡಿದ್ದ.

1974ರ ಕೊನೆಯಲ್ಲಿ ಸ್ಟುಡಿಯೋದಲ್ಲಿ ಕೂತು ಒಂದು ಡಿಸ್ಕೋ ಹಾಡು ಮಾಡಿದ. ಧಾಟಿಯ ಬೇರು ಜಮೈಕಾದ ಪ್ರಿನ್ಸ್ ಬಸ್ಟರ್‌ನ ಹಳೆಯ ‘ಅಲ್ ಕಪೋನ್’ ಹಾಡಿನಲ್ಲಿತ್ತು. ಗಂಡು ದನಿ ಇವನದ್ದೇ, ಹೆಣ್ಣಿನ ಹಾಗೆ ಕೇಳುವ ಕೀರಲು ದನಿಯೂ ಇವನದ್ದೇ! ಹಾಡಿನ ಹೆಸರು ‘ಬೇಬಿ ಡೂ ಯೂ ವಾನಾ ಬಂಪ್’. ತನ್ನ ಹೆಸರು ಹಾಕಲು ಮನಸ್ಸು ಬರಲಿಲ್ಲ. ಆಗ ಟಿವಿಯಲ್ಲಿ ‘ಬೋನಿ’ ಅಂತ ಒಂದು ಆಸ್ಟ್ರೇಲಿಯಾದ ಪತ್ತೇದಾರಿ ಧಾರಾವಾಹಿ ಬರುತ್ತಿತ್ತು, ಅದರ ಪತ್ತೇದಾರನ ಪೂರ್ತಿ ಹೆಸರು ನೆಪೋಲಿಯನ್ ಬೋನಾಪಾರ್ಟ್. ಅದಕ್ಕೊಂದು ‘ಎಂ’ ಸೇರಿಸಿದ, ‘ಬೋನಿ ಎಂ’ ಆಯಿತು. ಅಂದರೆ 1975ರಲ್ಲಿ ಬೋನಿ ಎಂ ಅನ್ನುವ ಗುಂಪೇ ಇರಲಿಲ್ಲ, ಇದ್ದದ್ದು ಒಬ್ಬ ಮನುಷ್ಯ ಮತ್ತು ಒಂದು ಧಾರಾವಾಹಿಯ ಹೆಸರು.

ಹಾಡು ಹಾಲೆಂಡ್, ಬೆಲ್ಜಿಯಂ ಕಡೆ ಓಡತೊಡಗಿತು. ಟಿವಿಯವರು ‘ಎಲ್ಲಿ ನಿಮ್ಮ ಬೋನಿ ಎಂ, ಕಳಿಸಿ’ ಅಂದರು. ಕಳಿಸುವುದು ಯಾರನ್ನ? ಆಗ ಶುರುವಾದದ್ದು ಮುಖಗಳ ಹುಡುಕಾಟ.

ಹಲವರು ಬಂದು ಹೋದ ಮೇಲೆ 1976ರ ಹೊತ್ತಿಗೆ ನಾಲ್ವರು ನಿಂತರು, ನಾಲ್ವರೂ ಕೆರಿಬಿಯನ್ ದ್ವೀಪಗಳವರು. ಮೇಜಿ ವಿಲಿಯಮ್ಸ್ ಮಾಂಟ್ಸೆರಾಟ್‌ನವಳು, ರೂಪದರ್ಶಿಯಾಗಿದ್ದವಳು. ಮಾರ್ಸಿಯಾ ಬ್ಯಾರೆಟ್ ಮತ್ತು ಲಿಜ್ ಮಿಚೆಲ್ ಜಮೈಕಾದವರು, ಇಬ್ಬರೂ ನಿಜವಾದ ಹಾಡುಗಾರ್ತಿಯರು. ಲಿಜ್ ಅದಕ್ಕೂ ಮೊದಲು ಜರ್ಮನಿಯಲ್ಲಿ ಲೆಸ್ ಹಂಫ್ರೀಸ್ ಸಿಂಗರ್ಸ್ ಅನ್ನುವ ಗುಂಪಿನಲ್ಲಿ ಹಾಡಿ ಪಳಗಿದವಳು. ನಾಲ್ಕನೆಯವನು ಬಾಬಿ ಫ್ಯಾರೆಲ್. ಅರೂಬಾ ದ್ವೀಪದ ಹುಡುಗ, ಹದಿನೈದನೇ ವಯಸ್ಸಿಗೆ ಮನೆ ಬಿಟ್ಟು ಹಡಗು ಸೇರಿದವನು. ನಾರ್ವೆ, ಹಾಲೆಂಡ್ ಅಂತ ಅಲೆದು ಕ್ಲಬ್ಬುಗಳಲ್ಲಿ ರೆಕಾರ್ಡು ಹಾಕುವ ಡಿಜೆ ಆಗಿದ್ದ. ಕುಣಿದರೆ ನೋಡಿದವರು ಕಣ್ಣು ತೆಗೆಯುತ್ತಿರಲಿಲ್ಲ.

ಸ್ಟುಡಿಯೋದಲ್ಲಿ ಹಾಡಿದ್ದು ಲಿಜ್, ಮಾರ್ಸಿಯಾ, ಫರಿಯಾನ್. ಮೇಜಿ ಮತ್ತು ಬಾಬಿಯ ದನಿ ರೆಕಾರ್ಡುಗಳಲ್ಲಿ ಇಲ್ಲ. ಆಲ್ಬಮ್ಮಿನ ಮೇಲಿನ ಫೋಟೋದಲ್ಲಿ ಮಾತ್ರ ನಾಲ್ವರೂ ಇದ್ದಾರೆ, ಐದನೆಯವನು ಇಲ್ಲ.

ಒಂದು ತಮಾಷೆ ಕೇಳಿ. 1976ರಲ್ಲಿ ಫರಿಯಾನ್ ತನ್ನ ಸ್ವಂತ ಹೆಸರಿನಲ್ಲಿ ‘ರಾಕಿ’ ಅನ್ನುವ ಜರ್ಮನ್ ಹಾಡು ಹಾಡಿದ, ಅದು ಜರ್ಮನಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅದೇ ವರ್ಷ ‘ಡ್ಯಾಡಿ ಕೂಲ್’ ಬಂತು. ಮೊದಮೊದಲು ಯಾರೂ ಕೇಳಲಿಲ್ಲ. ಸೆಪ್ಟೆಂಬರಿನಲ್ಲಿ ‘ಮ್ಯೂಜಿಕ್‌ಲಾಡೆನ್’ ಅನ್ನುವ ಟಿವಿ ಕಾರ್ಯಕ್ರಮದಲ್ಲಿ ನಾಲ್ವರೂ ಬಂದು ಕುಣಿದರು ನೋಡಿ, ಅದೂ ಒಂದನೇ ಸ್ಥಾನ! ಒಂದೇ ವರ್ಷ, ಒಂದೇ ದೇಶ, ಒಂದೇ ಗಂಟಲು. ಒಮ್ಮೆ ತನ್ನ ಮುಖದಲ್ಲಿ, ಒಮ್ಮೆ ಬಾಬಿಯ ಮೈಯಲ್ಲಿ. ಪ್ರಪಂಚಕ್ಕೆ ಬೇಕಾದದ್ದು ಎರಡನೆಯದ್ದು.

ಆಮೇಲೆ ಎರಡು ಮೂರು ವರ್ಷ ಇವರನ್ನು ತಡೆಯುವವರೇ ಇರಲಿಲ್ಲ. ಫರಿಯಾನನ ಜಾಣತನ ಎಲ್ಲಿತ್ತು ಅಂದರೆ, ಎಲ್ಲೆಲ್ಲಿಂದಲೋ ಧಾಟಿ ಎತ್ತಿ ತಂದು ಅದಕ್ಕೆ ಡಿಸ್ಕೋದ ಧಿಮಿ ಧಿಮಿ ಕಟ್ಟುವುದರಲ್ಲಿ. 1977ರ ‘ಮಾ ಬೇಕರ್’ನ ಮೂಲ ಟ್ಯುನೀಸಿಯಾದ ಜನಪದ ಹಾಡು. ಅಮೆರಿಕದ ಆ ದರೋಡೆಕಾರ ಕುಟುಂಬದ ತಾಯಿಯ ನಿಜ ಹೆಸರು ಬಾರ್ಕರ್, ಹಾಡಲು ಚೆನ್ನಾಗಿರುತ್ತದೆ ಅಂತ ಬೇಕರ್ ಮಾಡಿದರು. 1978ರ ‘ರಾಸ್‌ಪುಟಿನ್’ ಕೇಳಿ, ಆಮೇಲೆ ಟರ್ಕಿಯ ಹಳೆಯ ‘ಕಾತಿಬಿಂ’ ಹಾಡು ಕೇಳಿ, ನಿಮಗೇ ಗೊತ್ತಾಗುತ್ತೆ.

‘ರಿವರ್ಸ್ ಆಫ್ ಬ್ಯಾಬಿಲನ್’ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಬೈಬಲ್ಲಿನ 137ನೇ ಕೀರ್ತನೆ ಅದು. ಊರು ಸುಟ್ಟು ಸೆರೆ ಹಿಡಿದು ತಂದ ಯೆಹೂದಿಗಳು ಬ್ಯಾಬಿಲೋನಿನ ಹೊಳೆ ದಂಡೆಯಲ್ಲಿ ಕೂತು ಅಳುತ್ತಾರೆ. ಸೆರೆ ಹಿಡಿದವರು ‘ನಿಮ್ಮೂರ ಹಾಡು ಹಾಡಿ ನೋಡೋಣ’ ಅನ್ನುತ್ತಾರೆ. ಪರದೇಶದಲ್ಲಿ ಹೇಗೆ ಹಾಡಲಿ ಅನ್ನುವುದೇ ಆ ಕೀರ್ತನೆಯ ಸಂಕಟ. ಜಮೈಕಾದ ರಸ್ತಫಾರಿಗಳಿಗೆ ಇದು ತಮ್ಮದೇ ಕಥೆ. ಅವರ ಅಜ್ಜಂದಿರನ್ನೂ ಹಡಗಿನಲ್ಲಿ ತುಂಬಿಕೊಂಡು ಬಂದದ್ದು ತಾನೇ. 1970ರಲ್ಲಿ ಮೆಲೋಡಿಯನ್ಸ್ ಅನ್ನುವ ಜಮೈಕಾದ ಗುಂಪು ಇದನ್ನು ನಿಧಾನವಾಗಿ, ನೋವಿನಲ್ಲಿ ಹಾಡಿತ್ತು. ಬೋನಿ ಎಂ ರಸ್ತಫಾರಿಗಳ ದೇವರ ಹೆಸರುಗಳನ್ನು ತೆಗೆದು ಬೈಬಲ್ಲಿನ ಪದಗಳಿಗೇ ಮರಳಿ ಕುಣಿಯುವ ಹಾಗೆ ಮಾಡಿತು. ಬ್ರಿಟನ್ನಿನಲ್ಲಿ ಐದು ವಾರ ಒಂದನೇ ಸ್ಥಾನ. ಕೆಳಗಿಳಿಯತೊಡಗಿದಾಗ ರೇಡಿಯೋದವರು ರೆಕಾರ್ಡು ಮಗುಚಿ ಹಾಕಿದರು. ಹಿಂದೆ ‘ಬ್ರೌನ್ ಗರ್ಲ್ ಇನ್ ದಿ ರಿಂಗ್’ ಇತ್ತು, ಜಮೈಕಾದ ಮಕ್ಕಳ ಆಟದ ಹಾಡು. ಅದೇ ರೆಕಾರ್ಡು ಮತ್ತೆ ಹತ್ತಿ ಎರಡನೇ ಸ್ಥಾನಕ್ಕೆ ಬಂತು! ಬ್ರಿಟನ್ ಒಂದರಲ್ಲೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿ. ಅದೇ ವರ್ಷದ ಕ್ರಿಸ್‌ಮಸ್ಸಿಗೆ ‘ಮೇರೀಸ್ ಬಾಯ್ ಚೈಲ್ಡ್’, ಅದೂ ಒಂದನೇ ಸ್ಥಾನ. ಅಮೆರಿಕದಲ್ಲಿ ಮಾತ್ರ ಇವರ ಬೇಳೆ ಬೇಯಲಿಲ್ಲ, ‘ರಿವರ್ಸ್’ ಮೂವತ್ತನೇ ಸ್ಥಾನದಲ್ಲೇ ನಿಂತಿತು.

ಈಗಲೂ ಆ ಹಾಡು ಕೇಳುವಾಗ ಲಿಜ್ ಮಿಚೆಲ್‌ಳ ದನಿಯಲ್ಲಿ ಆ ಸಂಕಟ ಒಂದು ಎಳೆ ಉಳಿದಿದೆ ಅನ್ನಿಸುತ್ತೆ ನನಗೆ. ಕೆಳಗೆ ಅಷ್ಟು ತಾಳ ಬಡಿದರೂ ಅದು ಮುಚ್ಚಿಲ್ಲ. ನಾವು ಅದಕ್ಕೆ ಗಣೇಶನ ಮೆರವಣಿಗೆಯಲ್ಲಿ ಕುಣಿದಿದ್ದೇವೆ, ದೇವರು ಕ್ಷಮಿಸಲಿ :)

ನಮ್ಮ ದೇಶಕ್ಕೆ ಫರಿಯಾನ್ ಇನ್ನೊಂದು ಬಾಗಿಲಿನಿಂದಲೂ ಬಂದಿದ್ದಾನೆ. ಇರಪ್ಶನ್ ಅನ್ನುವ ಗುಂಪಿಗೆ ‘ಒನ್ ವೇ ಟಿಕೆಟ್’ ಮಾಡಿಸಿದ್ದು ಇವನೇ. ಅದನ್ನು ಬಪ್ಪಿ ಲಾಹಿರಿ 1980ರ ‘ಪ್ಯಾರಾ ದುಶ್ಮನ್’ ಚಿತ್ರದಲ್ಲಿ ‘ಹರಿ ಓಂ ಹರಿ’ ಮಾಡಿ ಉಷಾ ಉತ್ತುಪ್ ಕೈಲಿ ಹಾಡಿಸಿದರು. ಎತ್ತಿ ತಂದವನದ್ದನ್ನು ಎತ್ತಿಕೊಂಡರೆ ಪಾಪವೇ?

1978ರ ಡಿಸೆಂಬರಿನಲ್ಲಿ ಬೋನಿ ಎಂ ಮಾಸ್ಕೋಗೂ ಹೋಯಿತು. ಶೀತಲ ಸಮರದ ಕಾಲ, ಪಶ್ಚಿಮದ ಡಿಸ್ಕೋ ಗುಂಪೊಂದು ಕ್ರೆಮ್ಲಿನ್ ಪಕ್ಕದ ರೊಸ್ಸಿಯಾ ಸಭಾಂಗಣದಲ್ಲಿ ಹಾಡುವುದೆಂದರೆ ಸಣ್ಣ ಮಾತಲ್ಲ. ಎಲ್ಲ ಹಾಡೂ ಸರಿ, ‘ರಾಸ್‌ಪುಟಿನ್’ ಮಾತ್ರ ಬೇಡ ಅಂದರು ಸರ್ಕಾರದವರು. ತಮ್ಮ ಇತಿಹಾಸದ ಬಗ್ಗೆ ಬೇರೆಯವರು ಕುಣಿಯುವುದು ಯಾವ ಸರ್ಕಾರಕ್ಕೂ ಇಷ್ಟವಾಗಲ್ಲ ಬಿಡಿ. ಈ ‘ರಾಸ್‌ಪುಟಿನ್’ ಹಾಡು ಬಾಬಿಯನ್ನು ಕೊನೆಯವರೆಗೂ ಬಿಡಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಈ ದನಿಯ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಗುಂಪು ಮೇಲಿದ್ದಾಗಲೇ ಫರಿಯಾನ್ ಒಪ್ಪಿಕೊಂಡ. 1979ರ ‘ಓಷನ್ಸ್ ಆಫ್ ಫ್ಯಾಂಟಸಿ’ ಆಲ್ಬಮ್ಮಿನಲ್ಲಿ ಹಾಡಿದವರು ಇಂಥಿಂಥವರು ಅಂತ ಮೊದಲ ಬಾರಿ ಅಚ್ಚಾಯಿತು. ಲಿಜ್, ಮಾರ್ಸಿಯಾ, ಫರಿಯಾನ್. ಕೇಳುವವರು ಗಲಾಟೆ ಮಾಡಲಿಲ್ಲ. ಕುಣಿಯುವವರಿಗೆ ಅದೆಲ್ಲ ಯಾಕೆ?

ನಾನು ಇದನ್ನು ತಿಳಿದಾಗ ಮೊದಲು ಮೋಸ ಅನ್ನಿಸಿತು. ಆಮೇಲೆ ನಮ್ಮ ಬಯಲಾಟ ನೆನಪಾಯಿತು. ವೇಷಧಾರಿ ಎಲ್ಲಿ ಹಾಡುತ್ತಾನೆ? ಮಾತು ಅವನದ್ದು, ಕುಣಿತ ಅವನದ್ದು, ಪದ ಭಾಗವತರದ್ದು. ಬೆಳಗಿನ ಜಾವದವರೆಗೆ ಕೂತು ನೋಡಿದ ಯಾರೂ ‘ಕರ್ಣ ಹಾಡಲೇ ಇಲ್ಲ, ದುಡ್ಡು ವಾಪಸ್ ಕೊಡಿ’ ಅಂದಿಲ್ಲ. ನಮ್ಮ ಸಿನಿಮಾದಲ್ಲೂ ಅಷ್ಟೇ. 1974ರಲ್ಲಿ ‘ಸಂಪತ್ತಿಗೆ ಸವಾಲ್’ನಲ್ಲಿ ಅಣ್ಣಾವ್ರು ತಾವೇ ಹಾಡಿದಾಗ ಜನ ಕುಣಿದಾಡಿದರು ನಿಜ. ಆದರೆ ಅದಕ್ಕೂ ಮುಂಚೆ ಪಿ.ಬಿ. ಶ್ರೀನಿವಾಸರು ಅವರಿಗಾಗಿ ಹಾಡಿದಾಗ ಮೋಸ ಹೋದೆವು ಅಂತ ಯಾರಿಗೂ ಅನ್ನಿಸಿರಲಿಲ್ಲ, ಯಾಕೆಂದರೆ ರೆಕಾರ್ಡಿನ ಮೇಲೆ ಪಿ.ಬಿ.ಎಸ್. ಹೆಸರು ಇರುತ್ತಿತ್ತು. ಭಾಗವತರು ರಂಗಸ್ಥಳದಲ್ಲೇ, ಎಲ್ಲರಿಗೂ ಕಾಣುವ ಹಾಗೆ ಜಾಗಟೆ ಹಿಡಿದಿರುತ್ತಾರೆ. ಫರಿಯಾನನೆಂಬ ಭಾಗವತ ಪರದೆಯ ಹಿಂದೆ ಅಡಗಿ ಕೂತ, ವೇಷಧಾರಿಗೆ ‘ಹಾಡುವವನ ಹಾಗೆ ಬಾಯಿ ಅಲ್ಲಾಡಿಸು’ ಅಂದ. ತೊಂದರೆ ಎಲ್ಲ ಅಲ್ಲೇ.

ಆ ತೊಂದರೆ ಮೊದಲು ತಟ್ಟಿದ್ದು ಬಾಬಿಗೆ. ಬೀದಿಯಲ್ಲಿ ಹೋದರೆ ಜನ ಮುತ್ತುತ್ತಾರೆ, ಪ್ರಪಂಚಕ್ಕೆ ಬೋನಿ ಎಂ ಅಂದರೆ ಅವನೇ. ಸ್ಟುಡಿಯೋದಲ್ಲಿ ಅವನಿಗೆ ಕೆಲಸವಿಲ್ಲ. ನನಗೂ ಹಾಡಲು ಬಿಡಿ ಅಂದ, ಬಿಡಲಿಲ್ಲ. ಕಾರ್ಯಕ್ರಮಕ್ಕೆ ಸರಿಯಾಗಿ ಬರಲ್ಲ, ನಂಬಲಿಕ್ಕಾಗಲ್ಲ ಅನ್ನುವುದು ಫರಿಯಾನನ ದೂರು. ಎರಡೂ ನಿಜವಿರಬಹುದು. 1981ರ ಕೊನೆಗೆ ಬಾಬಿ ಹೊರಬಿದ್ದ.

ಅವನ ಜಾಗಕ್ಕೆ 1982ರಲ್ಲಿ ರೆಗ್ಗಿ ಟ್ಸಿಬೋ ಬಂದ. ಘಾನಾ ಮೂಲದವನು, ನಿಜವಾಗಿ ಹಾಡಬಲ್ಲವನು. ಈಗ ಲೆಕ್ಕಕ್ಕೆ ಎಲ್ಲ ಸರಿಹೋಗಬೇಕಿತ್ತು ಅಲ್ಲವೇ? ಗಂಡಸು ಹಾಡುತ್ತಾನೆ, ಸುಳ್ಳಿಲ್ಲ. ಆದರೆ ಜನ ಬರಲಿಲ್ಲ! ಡಿಸ್ಕೋದ ಕಾಲವೂ ಮುಗಿಯುತ್ತಾ ಬಂದಿತ್ತು ನಿಜ, ಆದರೂ ರೆಗ್ಗಿಯ ಆ ಹಾಡುಗಳ ವಿಡಿಯೋ ನೋಡಿದರೆ ಏನೋ ಒಂದು ಖಾಲಿ ಖಾಲಿ. 1984ರಲ್ಲಿ ಬಾಬಿಯನ್ನು ವಾಪಸ್ ಕರೆಸಿದರು, ‘ಹ್ಯಾಪಿ ಸಾಂಗ್’ ಜರ್ಮನಿಯಲ್ಲಿ ಸ್ವಲ್ಪ ಓಡಿತು. 1985ರಲ್ಲಿ ‘ಐ ಡ್ಯಾನ್ಸ್’ ಅನ್ನುವ ಕೊನೆಯ ಆಲ್ಬಮ್ಮು. 1986ರಲ್ಲಿ, ‘ಡ್ಯಾಡಿ ಕೂಲ್’ ಆಗಿ ಹತ್ತು ವರ್ಷಕ್ಕೆ, ಗುಂಪು ಮುಗಿಯಿತು ಅಂತ ಫರಿಯಾನ್ ಹೇಳಿಯೇಬಿಟ್ಟ.

ಆದರೆ ಫರಿಯಾನ್ ಪಾಠ ಕಲಿಯಲಿಲ್ಲ. 1988ರಲ್ಲಿ ಮತ್ತೆ ಅದೇ ಆಟ, ಈ ಬಾರಿ ಇನ್ನೂ ದೊಡ್ಡದು. ರಾಬ್ ಪಿಲಾಟಸ್, ಫ್ಯಾಬ್ ಮೋರ್ವನ್ ಅನ್ನುವ ಚೆಂದದ ಇಬ್ಬರು ಹುಡುಗರನ್ನು ಮುಂದೆ ನಿಲ್ಲಿಸಿ ‘ಮಿಲಿ ವನಿಲಿ’ ಅಂದ. ಹಾಡಿದವರು ಬೇರೆಯೇ. 1989ರ ಜುಲೈನಲ್ಲಿ ಅಮೆರಿಕದ ಬ್ರಿಸ್ಟಲ್ ಅನ್ನುವ ಊರಲ್ಲಿ ವೇದಿಕೆಯ ಮೇಲೆ ಕುಣಿಯುತ್ತಿದ್ದಾಗ ಹಾಡು ಸಿಕ್ಕಿಹಾಕಿಕೊಂಡು ಅದದೇ ಸಾಲು ಮತ್ತೆ ಮತ್ತೆ ಬರತೊಡಗಿತು. ರಾಬ್ ವೇದಿಕೆ ಬಿಟ್ಟು ಓಡಿಹೋದ. (ಆ ವಿಷಯ ಓದಿದಾಗ ನನ್ನ ಕೈಯಲ್ಲಿ ಉಣ್ಣೆಯ ವಿಗ್ಗು ಇದ್ದ ಹಾಗೇ ಅನ್ನಿಸಿತು.) 1990ರಲ್ಲಿ ಗ್ರ್ಯಾಮಿ ಬಂತು, ಅದೇ ವರ್ಷ ನವೆಂಬರಿನಲ್ಲಿ ಫರಿಯಾನ್ ಸತ್ಯ ಹೇಳಿದ, ಗ್ರ್ಯಾಮಿ ವಾಪಸ್ ಹೋಯಿತು. ಹುಡುಗರು ಪ್ರಪಂಚದ ಎದುರು ಕಳ್ಳರಾದರು. ಹಾಡು ಮಾಡಿಸಿದವನಿಗೆ ಅಷ್ಟೇನೂ ತಟ್ಟಲಿಲ್ಲ, ಕೆಲಸ ಮುಂದುವರಿಸಿದ. ರಾಬ್ 1998ರಲ್ಲಿ ಫ್ರಾಂಕ್‌ಫರ್ಟ್ ಹತ್ತಿರದ ಹೋಟೆಲೊಂದರಲ್ಲಿ ಸತ್ತ. ಫರಿಯಾನನ ಸಂಗೀತವನ್ನು ನಾನು ಎಷ್ಟೇ ಮೆಚ್ಚಿದರೂ ಇದೊಂದನ್ನು ಕ್ಷಮಿಸಲು ನನಗೆ ಆಗಿಲ್ಲ.

ಇತ್ತ ಬೋನಿ ಎಂ ಒಡೆದ ಮೇಲೆ ಒಂದಕ್ಕೆ ನಾಲ್ಕಾಯಿತು! ಲಿಜ್‌ಳದ್ದೊಂದು, ಮಾರ್ಸಿಯಾಳದ್ದೊಂದು, ಮೇಜಿಯದ್ದೊಂದು, ಬಾಬಿಯದ್ದೊಂದು. ನಮ್ಮಲ್ಲಿ ಮೇಳ ಒಡೆದರೆ ಆಗುವ ಹಾಗೇ. ನಿಜವಾಗಿ ಹಾಡಿದವಳು ನಾನು ಅಂತ ಲಿಜ್ ಹೇಳಬಹುದು, ಸರಿಯೂ ಹೌದು. ಮಾರ್ಸಿಯಾ ಕ್ಯಾನ್ಸರಿನ ಜತೆ ಹಲವು ಬಾರಿ ಸೆಣಸಿ ಎದ್ದು ಬಂದು ಹಾಡಿದಳು. ಮೇಜಿ ತನ್ನ ಸ್ವಂತ ದನಿಯಲ್ಲಿ ಹಾಡಿ ತೋರಿಸಿದಳು. ಬಾಬಿ?

ಬಾಬಿ ಆಮ್‌ಸ್ಟರ್‌ಡ್ಯಾಮಿನಲ್ಲಿದ್ದುಕೊಂಡು, ಮೂವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ಕರೆದಲ್ಲಿಗೆ ಹೋದ. ದೊಡ್ಡ ಊರು, ಸಣ್ಣ ಊರು, ಹಳೆಯ ಹಾಡಿನ ಉತ್ಸವ, ಖಾಸಗಿ ಪಾರ್ಟಿ. ಕೂದಲು ಹೋಗಿತ್ತು, ಹೊಟ್ಟೆ ಬಂದಿತ್ತು, ಆದರೂ ‘ರಾಸ್‌ಪುಟಿನ್’ ಬಂತೆಂದರೆ ಗಿರ್ರನೆ ತಿರುಗುತ್ತಿದ್ದ. ಅಲ್ಲಿ ಫರಿಯಾನನ ದನಿ ಇರಲಿಲ್ಲ. ಆ ದಪ್ಪ ದನಿಯನ್ನು ಬಾಬಿ ತನ್ನ ಗಂಟಲಲ್ಲೇ ಹಾಡುತ್ತಿದ್ದ. ಆ ಕಾಲದ ವಿಡಿಯೋಗಳಿವೆ, ಹುಡುಕಿ ನೋಡಿ. ಕೆಟ್ಟದಾಗೇನೂ ಇಲ್ಲ, ಮಾರಾಯ್ರೆ! ಇಷ್ಟು ಬರುತ್ತಿದ್ದವನಿಗೆ ಒಂದು ಹಾಡಾದರೂ ಕೊಡಬಹುದಿತ್ತು.

2010ರ ಡಿಸೆಂಬರಿನಲ್ಲಿ ರಷ್ಯಾಕ್ಕೆ ಹೋಗಿದ್ದ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಾರ್ಯಕ್ರಮ. ಮಾಸ್ಕೋದಲ್ಲಿ ಬೇಡ ಅಂದಿದ್ದ ಹಾಡನ್ನು ಈಗ ರಷ್ಯನ್ನರೇ ಕೇಳಿ ಹಾಡಿಸಿಕೊಳ್ಳುತ್ತಿದ್ದರು. ಉಸಿರಾಟದ ತೊಂದರೆ ಇದ್ದರೂ 29ರ ರಾತ್ರಿ ಹಾಡಿದ, ಕುಣಿದ, ಹೋಟೆಲಿಗೆ ಹೋಗಿ ಮಲಗಿದ. 30ರ ಬೆಳಿಗ್ಗೆ ಏಳಲಿಲ್ಲ. ಅರವತ್ತೊಂದು ವರ್ಷ. ನಿಜವಾದ ರಾಸ್‌ಪುಟಿನ್‌ನನ್ನು ಕೊಂದದ್ದು ಅದೇ ಊರಲ್ಲಿ, 1916ರಲ್ಲಿ, ಈಗಿನ ಕ್ಯಾಲೆಂಡರಿನ ಪ್ರಕಾರ ಅದೂ ಡಿಸೆಂಬರ್ 30. ಇದನ್ನು ಕಥೆಯಲ್ಲಿ ಬರೆದಿದ್ದರೆ ‘ಏನು ಬುರುಡೆ ಬಿಡ್ತೀರಿ’ ಅಂತ ನೀವೇ ಬೈಯುತ್ತಿದ್ದಿರಿ.

2012ರಲ್ಲಿ ‘ಏಜೆಂಟ್ ವಿನೋದ್’ ಅನ್ನುವ ಹಿಂದಿ ಸಿನಿಮಾದಲ್ಲಿ ಆ ಧಾಟಿ ಬಂತು. 2021ರಲ್ಲಿ ಅದೇ ‘ರಾಸ್‌ಪುಟಿನ್’ ರೀಮಿಕ್ಸಾಗಿ ಮೊಬೈಲಿನ ತುಂಬ ಹರಿದಾಡಿತು. ನನ್ನ ಮಗಳು ಕುಣಿಯುತ್ತಿದ್ದಳು. ‘ಇದು ನಮ್ಮ ಕಾಲದ ಹಾಡು ಕಣೇ’ ಅಂದರೆ ನಂಬಲಿಲ್ಲ.

ಬಾಯಮ್ಮ ಈಗಿಲ್ಲ. ಬಹರೈನಿನ ಮಗ ರಿಟೈರಾಗಿ ಊರಲ್ಲೇ ಇದ್ದಾರೆ. ಹೋದ ಕ್ರಿಸ್‌ಮಸ್ಸಿಗೆ ಊರಿಗೆ ಹೋಗಿದ್ದಾಗ ಕುಸ್ವಾರ್ ತಟ್ಟೆ ಹಿಡಿದುಕೊಂಡು ಬಂದಿದ್ದರು. ಅದೂ ಇದೂ ಮಾತಾಡುತ್ತಾ ಹೇಳಿದೆ, ‘ಗೊತ್ತುಂಟಾ ಅಣ್ಣ, ನೀವು ತಂದ ಕ್ಯಾಸೆಟ್ಟಿನಲ್ಲಿ ಆ ಬಾಬಿ ಹಾಡಿಯೇ ಇಲ್ಲವಂತೆ. ಅದು ಯಾರೋ ಜರ್ಮನಿಯವನ ದನಿ.’

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ‘ಹೌದಾ? ಆದ್ರೆ ನೀನು ವಿಗ್ಗು ಹಾಕಿ ಕುಣಿದದ್ದು ಆ ಜರ್ಮನಿಯವನ ಹಾಗಾ ಮಾರಾಯ?’ ಅಂದರು.

ಕ್ಯಾಸೆಟ್ಟು ಇದೆಯಾ ಅಂತ ಕೇಳಿದೆ. ಮಳೆಗಾಲಕ್ಕೆ ಬೂಸ್ಟು ಹಿಡಿದು ಹೋಯಿತಂತೆ. ಮೇಲಿನ ಫೋಟೋ ಮಾತ್ರ ಕಪಾಟಿನ ಬಾಗಿಲಿಗೆ ಅಂಟಿಸಿದ್ದು ಹಾಗೇ ಉಂಟಂತೆ.